ತೊಟ್ಟಿಗೆ ಸುರಿದ ನೀರಿನ ಲೆಕ್ಕ: ವಿಕಿರಣ ಡಿಟೆಕ್ಟರಿನ ಪಲ್ಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಇದೇ ಪುಟದಲ್ಲಿ ಗಾಮಾ ಕಿರಣಗಳನ್ನು ಹಿಡಿಯುವ ಡಿಟೆಕ್ಟರುಗಳ ಬಗ್ಗೆ ಬರೆದಿದ್ದೆ. ಕಿರಣ ಬಿದ್ದಾಗ ಡಿಟೆಕ್ಟರಿನಿಂದ ಬರುವ ಪಲ್ಸನ್ನು (ಕ್ಷಣಕಾಲದ ವಿದ್ಯುತ್ ಮಿಡಿತವನ್ನು) ಈಗ ನೇರವಾಗಿ ಸಂಖ್ಯೆಗಳಾಗಿ ಬದಲಿಸಿ, ಉಳಿದದ್ದನ್ನೆಲ್ಲ ಲೆಕ್ಕದಲ್ಲೇ ಮಾಡುತ್ತಾರೆ ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ತುಂಬಾ ಖುಷಿಯಾಯಿತು. ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ಕೈಗಾ ನಮ್ಮೂರಿಗೆ ದೂರವೇನಲ್ಲ. ವಿಕಿರಣ ಇದೆಯೋ ಇಲ್ಲವೋ ಅನ್ನುವುದನ್ನು ಟಿಕ್ ಟಿಕ್ ಅನ್ನುವ ಗೈಗರ್ ಕೌಂಟರ್ ಹೇಳುತ್ತದಲ್ಲ? ಅದಕ್ಕೆ ಇಷ್ಟೆಲ್ಲ ಲೆಕ್ಕ ಯಾಕೆ ಬೇಕು? (ಕಾರವಾರದ ಓದುಗರು)

ಉತ್ತರ: ಟಿಕ್ ಅಂದರೆ ಯಾರೋ ಬಾಗಿಲು ತಟ್ಟಿದರು ಅಂತ. ತಟ್ಟಿದ್ದು ಯಾರು ಅಂತ ಅದು ಹೇಳುವುದಿಲ್ಲ. ಗೈಗರ್ ಕೊಳವೆಯಲ್ಲಿ ಸಣ್ಣ ಶಕ್ತಿಯ ಕಿರಣ ಬಂದರೂ ದೊಡ್ಡ ಶಕ್ತಿಯದು ಬಂದರೂ ಒಂದೇ ಗಾತ್ರದ ಪಲ್ಸ್ ಬರುತ್ತದೆ. ನಿಮ್ಮೂರಿನ ವಿಷಯದಲ್ಲಿ ಮುಖ್ಯ ಪ್ರಶ್ನೆಯೇ ‘ಯಾರು’ ಅನ್ನುವುದು. ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ 4 ರಿಯಾಕ್ಟರುಗಳಿವೆ, ನಿಜ. ಆದರೆ ರಿಯಾಕ್ಟರ್ ಇರಲಿ ಬಿಡಲಿ, ಮಣ್ಣಿನಲ್ಲಿ, ಕಲ್ಲಿನಲ್ಲಿ, ನಮ್ಮ ಮೈಯಲ್ಲಿ ಕೂಡ ವಿಕಿರಣ ಇದ್ದೇ ಇರುತ್ತದೆ. 70 ಕೆಜಿ ತೂಕದ ಒಬ್ಬ ಮನುಷ್ಯನ ಮೈಯಲ್ಲಿ ಪೊಟ್ಯಾಸಿಯಂ-40ರ ಸುಮಾರು 4,000 ಪರಮಾಣುಗಳು ಪ್ರತಿ ಸೆಕೆಂಡಿಗೆ ಒಡೆಯುತ್ತಿರುತ್ತವೆ. ಮಂಗಳೂರಿನ ಹತ್ತಿರ ಉಳ್ಳಾಲದ ಕಡಲತೀರದ ಮರಳಿನಲ್ಲಿ ಮೊನಜೈಟ್ ಇದೆ, ಅದರಲ್ಲಿ ಥೋರಿಯಂ ಇದೆ. ಕೌಂಟರ್ ಎಲ್ಲದಕ್ಕೂ ಒಂದೇ ಟಿಕ್ ಅನ್ನುತ್ತದೆ.

ಬಂದವರು ಯಾರು ಅಂತ ತಿಳಿಯಲು ಶಕ್ತಿ ನೋಡಬೇಕು. ಪೊಟ್ಯಾಸಿಯಂ-40ರ ಗಾಮಾ 1461 ಕೆಇವಿ, ಅಂದರೆ ಕಿಲೋ ಎಲೆಕ್ಟ್ರಾನ್ ವೋಲ್ಟ್. ಥೋರಿಯಂ ಕುಟುಂಬದ ಥ್ಯಾಲಿಯಂ-208ರದು 2614. ರಿಯಾಕ್ಟರಿನಲ್ಲಿ ಹುಟ್ಟುವ ಸೀಸಿಯಂ-137ರದು 662. ಈ ಸಂಖ್ಯೆಗಳು ಎಂದೂ ಬದಲಾಗುವುದಿಲ್ಲ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣಕ್ಕೇ ಮೀಸಲಾದ ಒಂದು ಸಂಶೋಧನಾ ಕೇಂದ್ರ ಇದೆ. ಅಂಥ ಕಡೆ ಮಣ್ಣು, ನೀರು, ಹಾಲಿನ ಮಾದರಿಗಳನ್ನು ಡಿಟೆಕ್ಟರಿನ ಮುಂದೆ ಇಟ್ಟು ಗಂಟೆಗಟ್ಟಲೆ ಕಾಯುವುದು ಈ ಸಂಖ್ಯೆಗಳಿಗಾಗಿಯೇ. ಶಕ್ತಿ ಅಡಗಿರುವುದು ಪಲ್ಸಿನ ಎತ್ತರದಲ್ಲಿ. ಎತ್ತರವನ್ನು ಸರಿಯಾಗಿ ಅಳೆಯುವುದಕ್ಕೇ ಈ ಲೆಕ್ಕವೆಲ್ಲ.

ಪ್ರಶ್ನೆ: ನಾನು ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ನಮ್ಮ ಲ್ಯಾಬಿನ ಹಳೆಯ ಆಂಪ್ಲಿಫೈಯರಿನಲ್ಲಿ ಶೇಪಿಂಗ್ ಟೈಮ್ ಅಂತ ಒಂದೇ ತಿರುಗಣೆ ಇತ್ತು. ಹೊಸ ಡಿಜಿಟಲ್ ಪೆಟ್ಟಿಗೆ ಬಂದಿದೆ. ಅದು ರೈಸ್ ಟೈಮ್ ಎಷ್ಟು, ಫ್ಲಾಟ್ ಟಾಪ್ ಎಷ್ಟು, ಡಿಕೇ ಟೈಮ್ ಎಷ್ಟು ಅಂತೆಲ್ಲ ಕೇಳುತ್ತದೆ. ಏನು ಹಾಕಬೇಕು ಅಂತ ಯಾರೂ ಹೇಳುತ್ತಿಲ್ಲ. (ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ. ಈ ಮೂರು ಸಂಖ್ಯೆ ಅರ್ಥವಾದರೆ ಮುಕ್ಕಾಲು ವಿಷಯ ಅರ್ಥವಾದ ಹಾಗೆ.

ಮೊದಲು ಪೆಟ್ಟಿಗೆ ಮರೆತುಬಿಡಿ. ಮನೆಯ ಹಿತ್ತಲಿನ ಒಂದು ನೀರಿನ ತೊಟ್ಟಿ ನೆನಪಿಸಿಕೊಳ್ಳಿ. ಗಾಳಿಗೆ ನೀರು ಅಲುಗಾಡುತ್ತಿದೆ. ತಳದಲ್ಲಿ ಸಣ್ಣ ತೂತು, ನೀರು ಸೋರುತ್ತಿದೆ. ಯಾರೋ ಬಂದು ಒಂದು ಪಾತ್ರೆ ನೀರು ಸುರಿದು ಹೋದರು. ಎಷ್ಟು ಸುರಿದರು ಅಂತ ನೀವು ಹೇಳಬೇಕು, ಪಾತ್ರೆ ನೋಡುವ ಹಾಗಿಲ್ಲ, ತೊಟ್ಟಿಯ ಮಟ್ಟ ಮಾತ್ರ ನೋಡಬಹುದು. ಏನು ಮಾಡುತ್ತೀರಿ? ಸುರಿಯುವ ಮೊದಲಿನ ಮಟ್ಟವನ್ನು ಹತ್ತಾರು ಸಲ ನೋಡಿ ಸರಾಸರಿ ತೆಗೆಯುತ್ತೀರಿ, ಸುರಿಯುವುದು ಮುಗಿಯುವ ತನಕ ಕಾಯುತ್ತೀರಿ, ಆಮೇಲೆ ಮತ್ತೆ ಹತ್ತಾರು ಸಲ ನೋಡಿ ಸರಾಸರಿ ತೆಗೆದು, ಎರಡರ ವ್ಯತ್ಯಾಸ ಕಂಡುಹಿಡಿಯುತ್ತೀರಿ. ಸೋರಿಹೋದದ್ದನ್ನು ಮರೆಯದೆ ಸೇರಿಸುತ್ತೀರಿ. ಡಿಜಿಟಲ್ ಪೆಟ್ಟಿಗೆ ಮಾಡುವುದು ಇಷ್ಟೇ.

ಈಗ ಡಿಟೆಕ್ಟರಿಗೆ ಬನ್ನಿ. ದ್ರವ ಸಾರಜನಕದಲ್ಲಿ ತಣ್ಣಗಿಟ್ಟ ಜರ್ಮೇನಿಯಂ ಹರಳಿನಲ್ಲಿ ಒಂದು ಎಲೆಕ್ಟ್ರಾನ್-ಹೋಲ್ ಜೋಡಿ (ಕಿತ್ತುಬಂದ ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗ) ಹುಟ್ಟಲು ಸರಾಸರಿ 2.96 ಎಲೆಕ್ಟ್ರಾನ್ ವೋಲ್ಟ್ ಬೇಕು. ಸೀಸಿಯಮ್ಮಿನ 662 ಕೆಇವಿ ಪೂರ್ತಿ ಹರಳಿನೊಳಗೇ ಉಳಿದರೆ ಸುಮಾರು 2.23 ಲಕ್ಷ ಜೋಡಿ. ಇದು ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಆದರೆ ಡಿಟೆಕ್ಟರಿನ ಬೆನ್ನಿಗೇ ಇರುವ ಮೊದಲ ಆಂಪ್ಲಿಫೈಯರಿನ, ಅಂದರೆ ಪ್ರಿಆಂಪ್ಲಿಫೈಯರಿನ, 1 ಪಿಕೋಫ್ಯಾರಡ್ ಕೆಪಾಸಿಟರಿನ ಮೇಲೆ ಈ ಚಾರ್ಜ್ ಎಬ್ಬಿಸುವುದು ಸುಮಾರು 36 ಮಿಲಿವೋಲ್ಟಿನ ಒಂದು ಮೆಟ್ಟಿಲು, ಅಷ್ಟೇ. ಕೆಪಾಸಿಟರೇ ತೊಟ್ಟಿ. ಪಕ್ಕದ ರೆಸಿಸ್ಟರ್ ತಳದ ತೂತು. ನಾಯ್ಸ್, ಅಂದರೆ ಅಳತೆಯಲ್ಲಿ ಬೆರೆಯುವ ಬೇಡದ ಏರಿಳಿತ, ಗಾಳಿಯ ಅಲೆ.

ರೈಸ್ ಟೈಮ್ ಅಂದರೆ ಸರಾಸರಿ ತೆಗೆಯುವ ಅವಧಿ. ನಿಮ್ಮ ಪೆಟ್ಟಿಗೆ 10 ನ್ಯಾನೋಸೆಕೆಂಡಿಗೆ ಒಂದು ಸಲ ಅಳೆಯುತ್ತದೆ ಅಂದುಕೊಳ್ಳಿ. 5 ಮೈಕ್ರೋಸೆಕೆಂಡ್ ಅಂತ ಹಾಕಿದರೆ ಹಿಂದೆ 500, ಮುಂದೆ 500 ಅಳತೆಗಳ ಸರಾಸರಿ. ಚುರುಕಾಗಿ ಕುಣಿಯುವ ನಾಯ್ಸ್ ಇದರಿಂದ 500ರ ವರ್ಗಮೂಲದಷ್ಟು, ಅಂದರೆ ಸುಮಾರು 22 ಪಟ್ಟು ಇಳಿಯುತ್ತದೆ. ಹಾಗಾದರೆ 50 ಮೈಕ್ರೋಸೆಕೆಂಡ್ ಹಾಕಿದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ನಿಧಾನವಾಗಿ ಏರಿಳಿಯುವ ಇನ್ನೊಂದು ಥರದ ನಾಯ್ಸ್ ಇದೆ, ಕಿರಣ ಬೀಳದಿದ್ದಾಗಲೂ ಡಿಟೆಕ್ಟರಿನಲ್ಲಿ ಹರಿಯುವ ಸಣ್ಣ ಲೀಕೇಜ್ ಕರೆಂಟಿನಿಂದ ಬರುವಂಥದ್ದು. ಹೆಚ್ಚು ಹೊತ್ತು ಕಾದಷ್ಟೂ ಅದು ಹೆಚ್ಚಾಗುತ್ತದೆ. ಎರಡರ ಮಧ್ಯೆ ಎಲ್ಲೋ ಒಂದು ಒಳ್ಳೆಯ ಜಾಗ ಇರುತ್ತದೆ. ಅದನ್ನು ಪುಸ್ತಕದಲ್ಲಿ ಹುಡುಕಬೇಡಿ. ನಿಮ್ಮ ಡಿಟೆಕ್ಟರಿನ ಮುಂದೆ ಒಂದು ವಿಕಿರಣದ ಮೂಲ ಇಟ್ಟು, ರೈಸ್ ಟೈಮನ್ನು 1, 2, 4, 6, 8, 10 ಮೈಕ್ರೋಸೆಕೆಂಡ್ ಅಂತ ಬದಲಿಸುತ್ತಾ ಪೀಕಿನ (ಯಾವ ಎತ್ತರದ ಪಲ್ಸ್ ಎಷ್ಟು ಬಂತು ಅನ್ನುವ ಗ್ರಾಫಿನಲ್ಲಿ ಏಳುವ ಗುಡ್ಡದ) ಅಗಲ ಬರೆದುಕೊಳ್ಳಿ. ಅಗಲ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದು ಮಧ್ಯಾಹ್ನದ ಕೆಲಸ. ನಿಮ್ಮ ಲ್ಯಾಬಿನ ಗೋಡೆಯ ಮೇಲೆ ಆ ಗ್ರಾಫ್ ಅಂಟಿಸಿ, ಮುಂದಿನ ಬ್ಯಾಚಿನವರಿಗೂ ಉಪಯೋಗವಾಗುತ್ತದೆ.

ಫ್ಲಾಟ್ ಟಾಪ್ ಅಂದರೆ ಪಾತ್ರೆ ಪೂರ್ತಿ ಖಾಲಿಯಾಗುವ ತನಕ ಕಾಯುವ ಸಮಯ. ದೊಡ್ಡ ಜರ್ಮೇನಿಯಂ ಹರಳಿನಲ್ಲಿ ಚಾರ್ಜ್ ಅಂಚಿಗೆ ತಲುಪಲು ಹಲವು ನೂರು ನ್ಯಾನೋಸೆಕೆಂಡ್ ಬೇಕು, ಕಿರಣ ಎಲ್ಲಿ ಬಿತ್ತು ಅನ್ನುವುದರ ಮೇಲೆ ಅದೂ ಬದಲಾಗುತ್ತದೆ. ಸೋಡಿಯಂ ಅಯೋಡೈಡ್ ಕಿರಣ ಬಿದ್ದಾಗ ಮಿನುಗುವ ಹರಳು, ಅದರಲ್ಲಿ ಬೆಳಕು ಸುಮಾರು 230 ನ್ಯಾನೋಸೆಕೆಂಡ್ ಕಾಲಮಾನದಲ್ಲಿ ಆರುತ್ತದೆ: 500 ನ್ಯಾನೋಸೆಕೆಂಡ್ ಕಾದರೆ ಶೇ 89ರಷ್ಟು ಬೆಳಕು ಸಿಕ್ಕಿರುತ್ತದೆ, 1 ಮೈಕ್ರೋಸೆಕೆಂಡ್ ಕಾದರೆ ಶೇ 99ರ ಹತ್ತಿರ. ಹಾಗಾಗಿ ಎರಡಕ್ಕೂ 1 ಮೈಕ್ರೋಸೆಕೆಂಡಿನಿಂದ ಶುರು ಮಾಡಿ. ಇಲ್ಲಿ ಜಿಪುಣತನ ಮಾಡಬೇಡಿ. ನಾನು ಕೆಲಸ ಮಾಡಿದ ಒಂದು ಲ್ಯಾಬಿನಲ್ಲಿ ದೊಡ್ಡ ಜರ್ಮೇನಿಯಂ ಡಿಟೆಕ್ಟರಿಗೆ ಯಾರೋ 200 ನ್ಯಾನೋಸೆಕೆಂಡ್ ಹಾಕಿಟ್ಟಿದ್ದರು. ಪ್ರತಿ ಪೀಕಿನ ಎಡಗಡೆಗೆ ಬಾಲ ಬೆಳೆದಿತ್ತು. ಹರಳೇ ಹಾಳಾಗಿದೆ ಅಂತ ನಾವು ಎರಡು ವಾರ ಒದ್ದಾಡಿದೆವು, ಡಿಟೆಕ್ಟರನ್ನು ರಿಪೇರಿಗೆ ಕಳಿಸುವ ಮಾತೂ ಆಯಿತು. ಕೊನೆಗೆ ಆ ಒಂದು ಸಂಖ್ಯೆ ಬದಲಿಸಿದ ಮೇಲೆ ಬಾಲ ಹೋಯಿತು. ಚಾರ್ಜ್ ಪೂರ್ತಿ ಬರುವ ಮೊದಲೇ ಅಳೆದರೆ ಎತ್ತರ ಕಡಿಮೆ ಕಾಣಲೇಬೇಕು.

ಡಿಕೇ ಟೈಮ್ ತಳದ ತೂತಿನ ಲೆಕ್ಕ. ಪ್ರಿಆಂಪಿನಲ್ಲಿ ಸಾಮಾನ್ಯವಾಗಿ 50 ಮೈಕ್ರೋಸೆಕೆಂಡ್ ಆಸುಪಾಸು. 5 ಮೈಕ್ರೋಸೆಕೆಂಡಿನಲ್ಲೇ ಮಟ್ಟ ಶೇ 10ರ ಹತ್ತಿರ ಇಳಿದಿರುತ್ತದೆ, ಇದನ್ನು ಸರಿಪಡಿಸದೆ ಸರಾಸರಿ ತೆಗೆದು ಪ್ರಯೋಜನವಿಲ್ಲ. ಹಳೆಯ ಆಂಪ್ಲಿಫೈಯರಿನಲ್ಲಿ ಪೋಲ್-ಝೀರೋ ಅಂತ ಸಣ್ಣ ಸ್ಕ್ರೂ ಇರುತ್ತಿತ್ತಲ್ಲ, ಸ್ಕ್ರೂಡ್ರೈವರ್ ಹಿಡಿದು ತಿರುಗಿಸುತ್ತಿದ್ದೆವಲ್ಲ, ಅದೇ ಇದು. ಡೇಟಾಶೀಟಿನ ಸಂಖ್ಯೆಯನ್ನು ಹಾಗೇ ಹಾಕಬೇಡಿ. ನಿಮ್ಮ ಪ್ರಿಆಂಪಿನ ಪಲ್ಸನ್ನು ಪೆಟ್ಟಿಗೆಯಲ್ಲೇ ರೆಕಾರ್ಡ್ ಮಾಡಿ, ಬಾಲದ ಲಾಗರಿದಮ್ ತೆಗೆದು, ಇಳಿಜಾರು ಅಳೆಯಿರಿ. ಸಂಖ್ಯೆ ತಪ್ಪಿದ್ದರೆ ಪಲ್ಸ್ ಮುಗಿದ ಮೇಲೆ ಗೆರೆ ಸೊನ್ನೆಗೆ ಬರದೆ ಕೆಳಗೋ ಮೇಲೋ ನಿಲ್ಲುತ್ತದೆ. ಮುಂದಿನ ಪಲ್ಸ್ ಆ ತಪ್ಪು ಗೆರೆಯ ಮೇಲೆ ಕೂರುತ್ತದೆ. ಕೌಂಟ್ ಕಡಿಮೆ ಇದ್ದಾಗ ಇದು ಗೊತ್ತೇ ಆಗುವುದಿಲ್ಲ, ಮೂಲ ಹತ್ತಿರ ತಂದಾಗ ಪೀಕುಗಳು ಅಗಲವಾಗಿ ಜಾಗ ಬದಲಿಸತೊಡಗುತ್ತವೆ.

ಈ ಹಿಂದೆ-ಮುಂದೆ ಸರಾಸರಿಯ ಕಿಟಕಿಯನ್ನು ಮೆಟ್ಟಿಲಿನ ಮೇಲೆ ಜಾರಿಸುತ್ತಾ ಹೋದರೆ ಉತ್ತರ ನೇರವಾಗಿ ಏರುತ್ತದೆ, ಸ್ವಲ್ಪ ಹೊತ್ತು ಚಪ್ಪಟೆಯಾಗಿ ನಿಲ್ಲುತ್ತದೆ, ಮತ್ತೆ ನೇರವಾಗಿ ಇಳಿಯುತ್ತದೆ. ಈ ಲೆಕ್ಕಕ್ಕೆ ಟ್ರೆಪಿಜಾಯ್ಡ್ ಅನ್ನುವ ಹೆಸರು ಬಂದದ್ದು ಈ ಆಕಾರದಿಂದ. ಪ್ರತಿ 10 ನ್ಯಾನೋಸೆಕೆಂಡಿಗೆ ಸಾವಿರ ಸಂಖ್ಯೆ ಕೂಡಿಸಲು ಯಾವ ಚಿಪ್ಪಿಗೂ ಕಷ್ಟ. ಅಷ್ಟು ಕೂಡಿಸಬೇಕಾಗಿಯೂ ಇಲ್ಲ. ಕಿಟಕಿಯೊಳಗೆ ಹೊಸದಾಗಿ ಬಂದದ್ದನ್ನು ಕೂಡಿಸಿ, ಹೊರಗೆ ಹೋದದ್ದನ್ನು ಕಳೆದರೆ ಮುಗಿಯಿತು. ಸೋರಿಕೆಯ ಲೆಕ್ಕವನ್ನೂ ಸೇರಿಸಿಕೊಂಡು ಇದನ್ನು ಕೆಲವೇ ಕೂಡು-ಕಳೆ-ಗುಣಿಸುವ ಹಂತಗಳಾಗಿ ಬಿಡಿಸಿ ತೋರಿಸಿದವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವ್ಯಾಲೆಂಟಿನ್ ಜೋರ್ಡಾನೊವ್ ಮತ್ತು ಗ್ಲೆನ್ ನಾಲ್, 1994ರಲ್ಲಿ. ಇಷ್ಟು ಸರಳ ಲೆಕ್ಕ ಇಷ್ಟು ದೂರ ಹೋದದ್ದು ನನಗೆ ಈಗಲೂ ಸಂತೋಷ ಕೊಡುವ ವಿಷಯ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಸೋಡಿಯಂ ಅಯೋಡೈಡ್ ಡಿಟೆಕ್ಟರಿಗೆ 14 ಬಿಟ್ ಎಡಿಸಿ (ಪಲ್ಸನ್ನು ಸಂಖ್ಯೆಯಾಗಿ ಬದಲಿಸುವ ಚಿಪ್) ಜೋಡಿಸಿದ್ದೇನೆ. 662 ಕೆಇವಿಯಲ್ಲಿ ರೆಸಲ್ಯೂಷನ್ (ಪೀಕಿನ ಅಗಲ ಅದರ ಶಕ್ತಿಯ ಶೇಕಡಾ ಎಷ್ಟು ಅನ್ನುವುದು) ಶೇ 7ಕ್ಕಿಂತ ಇಳಿಯುತ್ತಲೇ ಇಲ್ಲ. 16 ಬಿಟ್ ಹಾಕಲಾ? ಇನ್ನೊಂದು ವಿಷಯ, 10 ನ್ಯಾನೋಸೆಕೆಂಡಿಗೊಮ್ಮೆ ಅಳೆದು ಅದಕ್ಕಿಂತ ಸಣ್ಣ ಸಮಯ ಹೇಳುತ್ತಾರಲ್ಲ, ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: ಬೇಡ, ದುಡ್ಡು ಉಳಿಸಿ. 14 ಬಿಟ್ ಅಂದರೆ 16,384 ಹಂತ. 3000 ಕೆಇವಿಯ ತನಕ ಹರಡಿದರೂ ಒಂದು ಹಂತ 0.2 ಕೆಇವಿಗಿಂತ ಕಡಿಮೆ. ನಿಮ್ಮ ಪೀಕಿನ ಅಗಲ 46 ಕೆಇವಿ. ತಪ್ಪು ಎಡಿಸಿಯಲ್ಲಿ ಇಲ್ಲ, ಹರಳಿನಲ್ಲೇ ಇದೆ, ಅದು ತಪ್ಪೂ ಅಲ್ಲ. ಬೆಳಕಿನ ಕಣಗಳಲ್ಲಿ ಸ್ವಲ್ಪ ಪಾಲು ಮಾತ್ರ ಬೆಳಕನ್ನು ಹಿಡಿಯುವ ಫೋಟೊಮಲ್ಟಿಪ್ಲೈಯರ್ ಕೊಳವೆಯಲ್ಲಿ ಎಲೆಕ್ಟ್ರಾನುಗಳಾಗುತ್ತವೆ, ಆ ಸಂಖ್ಯೆ ಪ್ರತಿ ಸಲ ಹೆಚ್ಚು ಕಡಿಮೆ ಆಗುತ್ತದೆ. ಹರಳು ಕೊಡುವ ಬೆಳಕು ಶಕ್ತಿಗೆ ಸರಿಯಾಗಿ ಅನುಪಾತದಲ್ಲೂ ಇರುವುದಿಲ್ಲ. ಶೇ 7 ಬಂದಿದೆ ಅಂದರೆ ನಿಮ್ಮ ಕೆಲಸ ಚೆನ್ನಾಗಿದೆ ಅಂತಲೇ ಅರ್ಥ. ಇದೇ ಲೆಕ್ಕವನ್ನು ಒಳ್ಳೆಯ ಜರ್ಮೇನಿಯಂ ಡಿಟೆಕ್ಟರಿಗೆ ಜೋಡಿಸಿ, ಕೋಬಾಲ್ಟ್-60ರ 1332 ಕೆಇವಿಯಲ್ಲಿ ಅಗಲ 2 ಕೆಇವಿ ಆಸುಪಾಸಿಗೆ ಬರುತ್ತದೆ. ಹರಳಿನಲ್ಲೇ ಇಲ್ಲದ ಮಾಹಿತಿಯನ್ನು ಯಾವ ಲೆಕ್ಕವೂ ಹುಟ್ಟಿಸುವುದಿಲ್ಲ. ಇದ್ದದ್ದನ್ನು ದಾರಿಯಲ್ಲಿ ಕಳೆದುಕೊಳ್ಳದೆ ತರುವುದಷ್ಟೇ ನಮ್ಮ ಕೈಯಲ್ಲಿರುವುದು.

ಎರಡನೆಯದು: ಪಲ್ಸಿನ ಏರುವ ಭಾಗದಲ್ಲಿ ಮೂರು ನಾಲ್ಕು ಅಳತೆಗಳಿದ್ದರೆ ಅವುಗಳ ಮಧ್ಯೆ ಗೆರೆ ಎಳೆದು, ಪಲ್ಸ್ ತನ್ನ ಎತ್ತರದ ಇಂತಿಷ್ಟು ಪಾಲು ದಾಟಿದ ಕ್ಷಣ ಯಾವುದು ಅಂತ ಲೆಕ್ಕ ಹಾಕಬಹುದು. ದೊಡ್ಡ ಪಲ್ಸಿಗೂ ಸಣ್ಣದಕ್ಕೂ ಒಂದೇ ಪಾಲು ನೋಡುವುದರಿಂದ ಎತ್ತರದ ವ್ಯತ್ಯಾಸ ಸಮಯವನ್ನು ಕೆಡಿಸುವುದಿಲ್ಲ. ವೇಗದ ಡಿಟೆಕ್ಟರುಗಳಲ್ಲಿ ಒಂದು ನ್ಯಾನೋಸೆಕೆಂಡಿಗಿಂತ ಕಡಿಮೆಗೂ ಹೋಗಬಹುದು. ಆದರೆ ಒಂದು ಷರತ್ತು. ಪಲ್ಸ್ ಎರಡು ಅಳತೆಗಳ ಮಧ್ಯದಲ್ಲೇ ಪೂರ್ತಿ ಏರಿಬಿಟ್ಟರೆ ಗೆರೆ ಎಳೆಯಲು ಏನೂ ಉಳಿಯುವುದಿಲ್ಲ. ಅದಕ್ಕೇ ಎಡಿಸಿಯ ಮುಂದೆ ಒಂದು ಫಿಲ್ಟರ್ ಹಾಕಿ ಪಲ್ಸನ್ನು ಬೇಕೆಂದೇ ಸ್ವಲ್ಪ ನಿಧಾನ ಮಾಡುತ್ತಾರೆ. ನಿಮ್ಮ ಬೋರ್ಡಿನಲ್ಲಿ ಆ ಫಿಲ್ಟರ್ ಇದೆಯಾ, ಒಮ್ಮೆ ನೋಡಿ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಸೀಸಿಯಂ ಮೂಲವನ್ನು ಡಿಟೆಕ್ಟರಿಗೆ ತುಂಬಾ ಹತ್ತಿರ ತಂದಾಗ ಕೌಂಟ್ ಜಾಸ್ತಿಯಾಗುವ ಬದಲು ಕಡಿಮೆಯಾಯಿತು. ಸ್ಪೆಕ್ಟ್ರಮ್ಮಿನಲ್ಲಿ (ಯಾವ ಶಕ್ತಿಯವು ಎಷ್ಟು ಬಂದವು ಅನ್ನುವ ಗ್ರಾಫಿನಲ್ಲಿ) 1324 ಕೆಇವಿಯ ಹತ್ತಿರ ಒಂದು ಸಣ್ಣ ಹೊಸ ಪೀಕ್ ಕೂಡ ಬಂತು. ಮೂಲದಲ್ಲಿ ಬೇರೇನಾದರೂ ಬೆರೆತಿದೆಯಾ? (ಮಂಗಳೂರಿನ ಉಪನ್ಯಾಸಕರು)

ಉತ್ತರ: 1324ನ್ನು ಎರಡರಿಂದ ಭಾಗಿಸಿ. 662 ಬಂತಲ್ವಾ? ನಿಮ್ಮ ಮೂಲ ಶುದ್ಧವಾಗಿಯೇ ಇದೆ. ಒಂದು ಪಾತ್ರೆ ಸುರಿಯುತ್ತಿರುವಾಗಲೇ ಇನ್ನೊಬ್ಬರು ಬಂದು ಸುರಿದಿದ್ದಾರೆ, ಪೆಟ್ಟಿಗೆ ಎರಡನ್ನೂ ಸೇರಿಸಿ ಒಂದೇ ಪಾತ್ರೆ ಅಂದುಕೊಂಡಿದೆ. ಇದಕ್ಕೆ ಪೈಲಪ್ ಅನ್ನುತ್ತಾರೆ.

ಗಾಮಾ ಕಿರಣಗಳು ಸಾಲಾಗಿ, ಸಮ ಅಂತರದಲ್ಲಿ ಬರುವುದಿಲ್ಲ. ಮಳೆಯ ಮೊದಲ ಹನಿಗಳು ತಗಡಿನ ಮಾಡಿಗೆ ಬೀಳುವುದನ್ನು ಕೇಳಿದ್ದೀರಲ್ಲ, ಒಮ್ಮೆ ಎರಡು ಒಟ್ಟಿಗೆ, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಮೂರು, ಹಾಗೆ. ಸೆಕೆಂಡಿಗೆ 1,000 ಬರುತ್ತಿದ್ದರೆ ಒಂದರ ಹಿಂದೆ 10 ಮೈಕ್ರೋಸೆಕೆಂಡಿನೊಳಗೆ ಇನ್ನೊಂದು ಬರುವ ಸಂಭವ ಶೇ 1. ಸೆಕೆಂಡಿಗೆ 50,000 ಬರುತ್ತಿದ್ದರೆ ಅದು ಶೇ 39. ಹಾಗೆ ಬಂದ ಜೋಡಿಗಳನ್ನು ಪೆಟ್ಟಿಗೆ ಎಸೆಯುತ್ತದೆ, ಎಸೆಯಲೇಬೇಕು. ಪ್ರತಿ ಹೊಸ ಪಲ್ಸೂ ಕಾಯುವ ಸಮಯವನ್ನು ಮತ್ತೆ ಮೊದಲಿನಿಂದ ಶುರು ಮಾಡಿಸುತ್ತದೆ. ಕಾಯುವ ಸಮಯ 20 ಮೈಕ್ರೋಸೆಕೆಂಡ್ ಅಂದುಕೊಳ್ಳಿ. ನಿಜವಾಗಿ 50,000 ಬಂದಾಗ ಲೆಕ್ಕಕ್ಕೆ ಸಿಗುವುದು ಸುಮಾರು 18,400. ಒಂದು ಲಕ್ಷ ಬಂದಾಗ ಸುಮಾರು 13,500! ನಿಮ್ಮ ಕೌಂಟ್ ಇಳಿದದ್ದು ಹೀಗೆ. ದಯವಿಟ್ಟು ವಿದ್ಯಾರ್ಥಿಗಳಿಗೆ ಇದನ್ನೇ ಒಂದು ಪ್ರಯೋಗವಾಗಿ ಮಾಡಿಸಿ, ಯಾಕೆಂದರೆ ಕಡಿಮೆ ಕೌಂಟ್ ಅಂದರೆ ಕಡಿಮೆ ವಿಕಿರಣ ಅಂತ ನಂಬುವುದು ಅಪಾಯದ ಅಭ್ಯಾಸ.

ಡಿಜಿಟಲ್ ಪೆಟ್ಟಿಗೆಯಲ್ಲಿ ಇದಕ್ಕೆ ಒಳ್ಳೆಯ ದಾರಿ ಇದೆ. ಒಂದೇ ಸಂಖ್ಯೆಗಳ ಹರಿವಿನ ಮೇಲೆ ಎರಡು ಟ್ರೆಪಿಜಾಯ್ಡ್ ಓಡಿಸುತ್ತಾರೆ. ಒಂದು ನಿಧಾನದ್ದು, ಎತ್ತರ ಅಳೆಯಲು. ಇನ್ನೊಂದು 100 ನ್ಯಾನೋಸೆಕೆಂಡಿನಷ್ಟು ಚಿಕ್ಕದು, ಎತ್ತರದಲ್ಲಿ ಒರಟು, ಆದರೆ ಎಷ್ಟು ಜನ ಬಂದರು ಅಂತ ಎಣಿಸಲು ಚುರುಕು. ಚುರುಕಿನದು ಎರಡು ಎಣಿಸಿ, ನಿಧಾನದ್ದು ಒಂದೇ ಕಂಡರೆ ಆ ಅಳತೆಯನ್ನು ಬಿಟ್ಟುಬಿಡಬಹುದು, ಎಷ್ಟು ಬಿಟ್ಟೆವು ಅಂತ ಲೆಕ್ಕವನ್ನೂ ಇಡಬಹುದು. ಚುರುಕಿನ ಕಣ್ಣಿಗೂ ಬೇರೆಯಾಗಿ ಕಾಣದಷ್ಟು ಹತ್ತಿರ ಬಂದ ಜೋಡಿಗಳು ಮಾತ್ರ 1324ರಲ್ಲಿ ಉಳಿದುಬಿಡುತ್ತವೆ.

ಒಂದು ಎಚ್ಚರಿಕೆ. ಕೋಬಾಲ್ಟ್-60 ಇಟ್ಟಾಗ 2505 ಕೆಇವಿಯಲ್ಲಿ ಪೀಕ್ ಬಂದರೆ ಅದನ್ನೂ ಪೈಲಪ್ ಅಂತ ಬರೆಯಬೇಡಿ. ಅಲ್ಲಿ ಒಂದೇ ಪರಮಾಣು 1173 ಮತ್ತು 1332ನ್ನು ಒಂದರ ಹಿಂದೊಂದು, ನಮ್ಮ ಗಡಿಯಾರಕ್ಕೆ ಒಟ್ಟಿಗೇ ಅನ್ನುವಷ್ಟು ಬೇಗ, ಕಳಿಸುತ್ತದೆ. ಯಾವ ಲೆಕ್ಕವೂ ಅದನ್ನು ಬೇರ್ಪಡಿಸುವುದಿಲ್ಲ. ಮೂಲವನ್ನು ದೂರ ಇಟ್ಟರೆ ಕಡಿಮೆಯಾಗುತ್ತದೆ.

ಪ್ರಶ್ನೆ: ನ್ಯೂಟ್ರಾನಿಗೆ ಚಾರ್ಜ್ ಇಲ್ಲ, ಗಾಮಾಗೂ ಇಲ್ಲ. ಒಂದೇ ಡಿಟೆಕ್ಟರಿನಲ್ಲಿ ಎರಡನ್ನೂ ಹೇಗೆ ಬೇರೆ ಬೇರೆ ಗುರುತಿಸುತ್ತಾರೆ? (ಧಾರವಾಡದ ಓದುಗರು)

ಉತ್ತರ: ಬಂದವರನ್ನಲ್ಲ, ಅವರು ತಳ್ಳಿದವರನ್ನು ನೋಡಿ. ಸ್ಟಿಲ್ಬೀನ್ ಹರಳಿನಲ್ಲಿ, ಅಥವಾ ಕೆಲವು ದ್ರವ ಸಿಂಟಿಲೇಟರುಗಳಲ್ಲಿ (ವಿಕಿರಣ ಬಿದ್ದಾಗ ಮಿನುಗುವ ದ್ರವಗಳಲ್ಲಿ), ಗಾಮಾ ಬಂದು ಎಲೆಕ್ಟ್ರಾನನ್ನು ತಳ್ಳುತ್ತದೆ, ನ್ಯೂಟ್ರಾನ್ ಬಂದು ಪ್ರೋಟಾನನ್ನು ತಳ್ಳುತ್ತದೆ. ಪ್ರೋಟಾನ್ ಭಾರ. ಸಣ್ಣ ದೂರದಲ್ಲೇ ತನ್ನ ಶಕ್ತಿಯನ್ನೆಲ್ಲ ಸುರಿದುಬಿಡುತ್ತದೆ. ಹಾಗೆ ದಟ್ಟವಾಗಿ ಸುರಿದಾಗ ಅಣುಗಳು ತಡವಾಗಿ ಬಿಡುವ ಬೆಳಕಿನ ಪಾಲು ಜಾಸ್ತಿಯಾಗುತ್ತದೆ. ಪಲ್ಸ್ ಕೆಲವೇ ನ್ಯಾನೋಸೆಕೆಂಡಿನಲ್ಲಿ ಮೇಲೆ ಹೋಗಿ ಬರುತ್ತದೆ, ಆಮೇಲಿನ ನೂರಾರು ನ್ಯಾನೋಸೆಕೆಂಡಿನ ಬಾಲ ನ್ಯೂಟ್ರಾನಿನಲ್ಲಿ ದಪ್ಪ, ಗಾಮಾದಲ್ಲಿ ತೆಳು. ಬಾಲದ ವಿಸ್ತೀರ್ಣವನ್ನು ಇಡೀ ಪಲ್ಸಿನ ವಿಸ್ತೀರ್ಣದಿಂದ ಭಾಗಿಸಿ. ಆ ಒಂದು ಸಂಖ್ಯೆಯನ್ನು ಶಕ್ತಿಯ ಎದುರು ಚುಕ್ಕೆ ಹಾಕುತ್ತಾ ಹೋದರೆ ಎರಡು ಪಟ್ಟೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಮೊದಲ ಸಲ ನೋಡಿದಾಗ ನಾನು ಮಾತಾಡದೆ ಪರದೆಯನ್ನೇ ನೋಡುತ್ತಾ ಕೂತಿದ್ದೆ.

ಹಿಂದೆ ಇದನ್ನು ಅನಲಾಗ್ ಸರ್ಕ್ಯೂಟಿನಲ್ಲೂ ಮಾಡುತ್ತಿದ್ದರು. ಆದರೆ ಬಾಲ ಎಲ್ಲಿಂದ ಶುರು ಅಂತ ಒಮ್ಮೆ ತೀರ್ಮಾನಿಸಿದರೆ ಅಳತೆ ಮುಗಿದ ಮೇಲೆ ಬದಲಿಸುವ ಹಾಗಿರಲಿಲ್ಲ. ಈಗ ಪಲ್ಸುಗಳನ್ನೇ ಉಳಿಸಿಕೊಂಡರೆ ನಾಳೆ ಬೇರೆ ಜಾಗದಿಂದ ಮತ್ತೆ ಲೆಕ್ಕ ಹಾಕಬಹುದು. ಹೀಲಿಯಂ-3 ಅನಿಲ ಸಿಗುವುದು ಕಷ್ಟವಾದ ಮೇಲೆ ಈ ವಿಧಾನಕ್ಕೆ ಬೆಲೆ ಇನ್ನೂ ಹೆಚ್ಚಿತು, ಯಾಕೆಂದರೆ ನ್ಯೂಟ್ರಾನ್ ಎಣಿಸಲು ತುಂಬಾ ಕಡೆ ಆ ಅನಿಲವನ್ನೇ ನಂಬಿದ್ದರು.

ಪ್ರಶ್ನೆ: ಇಂಥ ಕೆಲಸ ನಮ್ಮ ದೇಶದಲ್ಲಿ ದೊಡ್ಡ ಮಟ್ಟದಲ್ಲಿ ನಡೆದಿದೆಯಾ? (ಶಿವಮೊಗ್ಗದ ಓದುಗರು)

ಉತ್ತರ: ನಡೆದಿದೆ. ಇಂಡಿಯನ್ ನ್ಯಾಷನಲ್ ಗಾಮಾ ಅರೇ, ಚಿಕ್ಕದಾಗಿ ಇಂಗಾ, ಗಾಮಾ ಡಿಟೆಕ್ಟರುಗಳ ಒಂದು ದೊಡ್ಡ ಜೋಡಣೆ. ಮುಂಬಯಿಯ ಟಿಐಎಫ್‌ಆರ್, ದೆಹಲಿಯ ಐಯುಎಸಿ, ಕೋಲ್ಕತ್ತದ ವಿಇಸಿಸಿ, ಈ ಮೂರು ಸಂಶೋಧನಾ ಸಂಸ್ಥೆಗಳ ವೇಗವರ್ಧಕಗಳ ಹತ್ತಿರ ಅದನ್ನು ಸರದಿಯಲ್ಲಿ ಕಟ್ಟುತ್ತಾ ಬಂದಿದ್ದಾರೆ. ಪೂರ್ತಿ ಜೋಡಿಸಿದರೆ 24 ಕ್ಲೋವರ್ ಡಿಟೆಕ್ಟರುಗಳು, ಒಂದೊಂದರಲ್ಲೂ ನಾಲ್ಕು ಎಸಳಿನ ಹಾಗೆ ನಾಲ್ಕು ಜರ್ಮೇನಿಯಂ ಹರಳು, ಒಟ್ಟು 96 ಹರಳು. ಟಿಐಎಫ್‌ಆರ್‌ನಲ್ಲಿ ಇದಕ್ಕೆ ಸೆಕೆಂಡಿಗೆ 10 ಕೋಟಿ ಸಲ ಅಳೆಯುವ ಡಿಜಿಟಲ್ ವ್ಯವಸ್ಥೆ ಜೋಡಿಸಿ, ಅದರ ವಿವರವನ್ನು 2012ರಲ್ಲಿ ಪ್ರಕಟಿಸಿದರು. ಒಂದು ಗಾಮಾ ಒಂದು ಎಸಳಿನಿಂದ ಚಿಮ್ಮಿ ಪಕ್ಕದ ಎಸಳಿಗೆ ಹೋದಾಗ ಎರಡರ ಶಕ್ತಿಯನ್ನೂ ಕೂಡಿಸಬೇಕು, ಅದಕ್ಕೆ ಎರಡೂ ಪಲ್ಸ್ ಒಟ್ಟಿಗೇ ಬಂದವೇ ಅಂತ ಸಮಯ ನೋಡಬೇಕು. ಪ್ರತಿ ಪಲ್ಸಿಗೂ ಸಮಯದ ಮುದ್ರೆ ಇದ್ದರೆ ಈ ಕೆಲಸ ಸಲೀಸು.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ. ಡಿಟೆಕ್ಟರ್ ಕೊಳ್ಳಲು ದುಡ್ಡಿಲ್ಲ. ಮನೆಯಲ್ಲಿ ಇದನ್ನು ಕಲಿಯಬಹುದಾ? (ಹಾಸನ ಜಿಲ್ಲೆಯ ವಿದ್ಯಾರ್ಥಿ)

ಉತ್ತರ: ಖಂಡಿತ. ಮೊದಲ ಆರು ತಿಂಗಳು ಡಿಟೆಕ್ಟರೇ ಬೇಡ. ಒಂದು ಹಳೆಯ ಕಂಪ್ಯೂಟರ್, ಅದರಲ್ಲಿ ಪೈಥಾನ್ ಇದ್ದರೆ ಸಾಕು. ಸಂಖ್ಯೆಗಳ ಒಂದು ಸಾಲು ಮಾಡಿ. ಮಧ್ಯೆ ಒಂದು ಮೆಟ್ಟಿಲು ಇಡಿ, ಅದು ನಿಧಾನವಾಗಿ ಸೋರಲಿ. ಮೇಲೆ ನಾಯ್ಸ್ ಸೇರಿಸಿ. ಈಗ ಮೈಸೂರಿನ ವಿದ್ಯಾರ್ಥಿನಿಗೆ ಹೇಳಿದ ಹಾಗೆ ಹಿಂದಿನ ಸರಾಸರಿ, ಮುಂದಿನ ಸರಾಸರಿ ತೆಗೆದು ಎತ್ತರ ಕಂಡುಹಿಡಿಯಿರಿ. ಸಾವಿರ ಸಲ ಮಾಡಿ, ಬಂದ ಉತ್ತರಗಳ ಗ್ರಾಫ್ ಹಾಕಿ. ಅದೇ ನಿಮ್ಮ ಮೊದಲ ಪೀಕ್. ಕಿಟಕಿಯ ಉದ್ದ ಬದಲಿಸಿದಾಗ ಪೀಕ್ ಅಗಲ ಹೇಗೆ ಬದಲಾಗುತ್ತದೆ ಅಂತ ನೀವೇ ನೋಡುತ್ತೀರಿ. ಆಮೇಲೆ ಎರಡು ಮೆಟ್ಟಿಲು ಹತ್ತಿರ ಹತ್ತಿರ ಇಟ್ಟು ಏನಾಗುತ್ತದೆ ನೋಡಿ.

ಮುಂದೊಂದು ದಿನ ಕಾಲೇಜಿನಲ್ಲಿ ಸೋಡಿಯಂ ಅಯೋಡೈಡ್ ಡಿಟೆಕ್ಟರ್ ಮುಟ್ಟುವ ಅವಕಾಶ ಸಿಕ್ಕಾಗ ವಿಕಿರಣದ ಮೂಲ ಹುಡುಕಿಕೊಂಡು ಹೋಗಬೇಡಿ. ಗೊಬ್ಬರದ ಅಂಗಡಿಯಿಂದ ಒಂದು ಕೆಜಿ ಪೊಟ್ಯಾಷ್ ತನ್ನಿ, ನಿಮ್ಮಪ್ಪ ತೆಂಗಿಗೋ ಕಾಫಿಗೋ ಹಾಕುವ ಅದೇ ಪೊಟ್ಯಾಷ್. ಒಂದು ಕೆಜಿಯಲ್ಲಿ ಪೊಟ್ಯಾಸಿಯಂ-40ರ ಸುಮಾರು 15,000 ಪರಮಾಣುಗಳು ಸೆಕೆಂಡಿಗೆ ಒಡೆಯುತ್ತವೆ, ಅದರಲ್ಲಿ ಶೇ 11ರಷ್ಟು ಮಾತ್ರ ಗಾಮಾ ಕೊಡುತ್ತವೆ, ಅದರಲ್ಲೂ ಸ್ವಲ್ಪವೇ ಡಿಟೆಕ್ಟರಿಗೆ ಬೀಳುತ್ತವೆ. ಚೀಲವನ್ನು ಡಿಟೆಕ್ಟರಿಗೆ ಒತ್ತಿಟ್ಟು ಒಂದು ಗಂಟೆ ಬಿಡಿ. ಆಮೇಲೆ ಚೀಲ ತೆಗೆದು ಇನ್ನೊಂದು ಗಂಟೆ ಬಿಡಿ, ಯಾಕೆಂದರೆ ಕೋಣೆಯ ಗೋಡೆಗಳಲ್ಲೂ ಪೊಟ್ಯಾಸಿಯಂ ಇದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 1461ರಲ್ಲಿ ಉಳಿಯುವ ಪೀಕ್ ಆ ಗೊಬ್ಬರದ್ದು. ಗ್ರಾಫನ್ನು ನನಗೆ ಕಳಿಸಿ, ಇದೇ ಪುಟದಲ್ಲಿ ಹಾಕೋಣ.